ಕಡಲ ವಿಜ್ಞಾನಿ ಕ್ಯಾಮೆರಾ ಹಿಡಿದಾಗ: ಕರಾವಳಿಯ ಚಿತ್ರಗಳನ್ನು ಚಿಕ್ಕಬಳ್ಳಾಪುರದಲ್ಲಿ ಹೇಗೆ ತೋರಿಸುವುದು?

ಪ್ರಶ್ನೆ: ನಂದಿತಪ್ಪಲು (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಬಳ್ಳಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ. ನನ್ನ ತಂಗಿ ಕಡಲ ವಿಜ್ಞಾನ ಓದಿದವಳು. ಪಶ್ಚಿಮ ಕರಾವಳಿಯಲ್ಲಿ ನದಿಗಳು ಕಡಲು ಸೇರುವ ಅಳಿವೆಗಳಲ್ಲಿ, ನೀರಿನೊಡನೆ ತೇಲುತ್ತ ಬದುಕುವ ಪ್ಲವಕಗಳ ಮೇಲೆ 14 ವರ್ಷ ಕೆಲಸ ಮಾಡಿದ್ದಾಳೆ. ಕಳೆದ ವರ್ಷದಿಂದ ಸಂಶೋಧನೆಯನ್ನು ಅರ್ಧಕ್ಕೆ ಇಳಿಸಿ, ಉಳಿದ ಸಮಯವನ್ನೆಲ್ಲ ಛಾಯಾಗ್ರಹಣಕ್ಕೆ ಕೊಡುತ್ತಿದ್ದಾಳೆ. ತಾನು ಬರೆಯುವ ಪ್ರಬಂಧಗಳನ್ನು ಅದೇ ವಿಷಯದಲ್ಲಿ ದುಡಿಯುವ ಕೆಲವೇ ಮಂದಿ ಓದುತ್ತಾರೆ, ಅಳಿವೆಯ ಹಣೆಬರಹವನ್ನು ತೀರ್ಮಾನಿಸುವವರಾಗಲಿ ಅದರ ದಡದಲ್ಲಿ ಬದುಕುವವರಾಗಲಿ ಓದುವುದಿಲ್ಲ ಎಂಬುದು ಅವಳ ನೋವು. ಅಷ್ಟು ಓದಿದ ಮಗಳು ಫೋಟೋ ತೆಗೆಯಲು ಹೊರಟಳಲ್ಲ ಎಂಬುದು ನಮ್ಮ ತಾಯಿಯ ನೋವು. ನಾನು ಇಬ್ಬರ ನಡುವೆ ನಿಂತಿದ್ದೇನೆ.

ಸಂಕ್ರಾಂತಿಗೆ ಊರಿಗೆ ಬಂದಿದ್ದಾಗ ಅವಳನ್ನು ಶಾಲೆಗೆ ಕರೆದೊಯ್ದೆ. ಮೊದಲ ಅರ್ಧ ಗಂಟೆ ಅವಳು ರೇಖಾಚಿತ್ರಗಳನ್ನು ತೋರಿಸಿ ಲವಣಾಂಶ, ಪೋಷಕಾಂಶ, ಉಷ್ಣಾಂಶಗಳ ಬಗ್ಗೆ ಮಾತನಾಡಿದಳು. ಮಕ್ಕಳು ಶಿಸ್ತಿನಿಂದ ಕುಳಿತಿದ್ದರು, ಅಷ್ಟೇ. ಆಮೇಲೆ ಗೋಡೆಗೆ ಕಟ್ಟಿದ್ದ ಬಿಳಿ ಪಂಚೆಯ ಮೇಲೆ ಒಂದು ಚಿತ್ರ ಮೂಡಿತು. ಅಘನಾಶಿನಿಯ ಅಳಿವೆಯಲ್ಲಿ, ಇಳಿತದ ಹೊತ್ತಿನಲ್ಲಿ, ಸೊಂಟದವರೆಗಿನ ನೀರಿನಲ್ಲಿ ನಿಂತ ಹೆಂಗಸೊಬ್ಬರ ಎರಡು ಕೈಗಳು. ಬೊಗಸೆಯ ತುಂಬ ಬಳಚು ಎಂಬ ಚಿಪ್ಪುಜೀವಿ. ಬೆರಳ ಸಂದಿಯಿಂದ ಜಾರುತ್ತಿರುವ ಕಪ್ಪು ಕೆಸರು. ಹೆಬ್ಬೆರಳಿನ ಬದಿಯಲ್ಲಿ ಚಿಪ್ಪಿನ ಅಂಚು ಕೊಯ್ದು ಕೊಯ್ದು ಉಳಿದ ಬಿಳಿ ಗೆರೆಗಳು. ಎಂಟನೇ ತರಗತಿಯ ಹುಡುಗಿಯೊಬ್ಬಳು ತಾನಾಗಿ ಎದ್ದು ನಿಂತಳು. ಇಂತಹ ಚಿಪ್ಪು ನಮ್ಮೂರ ಕೆರೆಯಲ್ಲೂ ಇತ್ತಂತೆ, ನಮ್ಮಜ್ಜಿ ಅದನ್ನು ಕಲ್ಲಿಗೆ ಉಜ್ಜಿ ತೂತು ಮಾಡಿ ಮಾವಿನಕಾಯಿಯ ಸಿಪ್ಪೆ ಹೆರೆಯುತ್ತಿದ್ದರಂತೆ, ಈಗ ಏಕೆ ಇಲ್ಲ ಎಂದು ಕೇಳಿದಳು. ತಂಗಿ ಉತ್ತರಿಸಲು ಆರಂಭಿಸುವಷ್ಟರಲ್ಲಿ ಗಂಟೆ ಬಾರಿಸಿತು.

ಅಂದಿನಿಂದ ನಮ್ಮೂರಿನಲ್ಲಿ ಅವಳ ಚಿತ್ರಗಳ ಪ್ರದರ್ಶನವೊಂದನ್ನು ಏರ್ಪಡಿಸಬೇಕೆಂಬ ಆಸೆ ನನಗಿದೆ. ಕಡಲನ್ನೇ ಕಾಣದ ನಮ್ಮ ಮಕ್ಕಳಿಗೆ ಯಾವ ಚಿತ್ರಗಳನ್ನು ತೋರಿಸಬೇಕು? ವಿಜ್ಞಾನಿಗಳು ಹೀಗೆ ಕ್ಯಾಮೆರಾ ಹಿಡಿದದ್ದರಿಂದ ಎಲ್ಲಾದರೂ ಕಡಲಿಗೆ ನಿಜವಾಗಿ ಒಳಿತಾಗಿದೆಯೇ? ಕಡಲಿನಿಂದ ಇಷ್ಟು ದೂರವಿರುವ ಬಯಲುಸೀಮೆಯಲ್ಲಿ ಈ ಪ್ರಯತ್ನಕ್ಕೆ ಅರ್ಥವಿದೆಯೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ಗಜನಿಗದ್ದೆ (ತುಮಕೂರು)

ಸರ್, ನಾನು ಕುಮಟಾ ಕಡೆಯವಳು. ಮದುವೆಯಾಗಿ ತುಮಕೂರಿಗೆ ಬಂದು 22 ವರ್ಷವಾಯಿತು. ನಿಮ್ಮ ತಂಗಿಯವರು ತೆಗೆದ ಚಿತ್ರದ ವರ್ಣನೆಯನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಬಿಟ್ಟೆ, ಏಕೆಂದರೆ ನನ್ನ ತಾಯಿಯ ಹೆಬ್ಬೆರಳಿನಲ್ಲೂ ಅದೇ ಗೆರೆಗಳಿದ್ದವು.

ಅಘನಾಶಿನಿಯ ಬಗ್ಗೆ ಚಿತ್ರ ತೋರಿಸುವಾಗ ಮಕ್ಕಳಿಗೆ ಹೇಳಬೇಕಾದ ಮೊದಲ ಮಾತು, ಅದು ಶಿರಸಿಯ ಕಡೆಯ ಘಟ್ಟದಲ್ಲಿ ಹುಟ್ಟಿ ಯಾವ ದೊಡ್ಡ ಅಣೆಕಟ್ಟಿನ ತಡೆಯೂ ಇಲ್ಲದೆ ಕಡಲು ಸೇರುವ ನದಿ ಎಂಬುದು. ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹಿಂದಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ನದಿಯ ಒಳಗೆ ಏರಿ ಬರುತ್ತದೆ, ಮತ್ತು ಈ ಏರಿಳಿತಕ್ಕೆ ಒಗ್ಗಿಕೊಂಡೇ ಬಳಚು, ಸಿಗಡಿ, ಏಡಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಕೊನೆಗೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತವೂ ಬೆಳೆಯುತ್ತವೆ. ಕಗ್ಗವೆಂದರೆ ಉಪ್ಪನ್ನು ತಾಳಿಕೊಳ್ಳುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುವ ಭತ್ತ. ರಾಗಿ ಬೆಳೆಯುವ ನಿಮ್ಮ ಸೀಮೆಯ ಮಕ್ಕಳಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಬರವನ್ನು ತಾಳುವ ಬೆಳೆ ನಿಮ್ಮಲ್ಲಿ, ಉಪ್ಪನ್ನು ತಾಳುವ ಬೆಳೆ ಕರಾವಳಿಯಲ್ಲಿ.

2024ರ ಜನವರಿಯಲ್ಲಿ ಸುಮಾರು 4,800 ಹೆಕ್ಟೇರಿನ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ಸಲ ಕರ್ನಾಟಕದಿಂದ ಸೇರಿದ ಇನ್ನೆರಡು ತಾಣಗಳೆಂದರೆ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಎರಡೂ ಬಯಲುಸೀಮೆಯ ಕೆರೆಗಳು. ಅಳಿವೆಯನ್ನೂ ಕೆರೆಯನ್ನೂ ಒಂದೇ ಪಟ್ಟಿಯಲ್ಲಿ ಇಟ್ಟದ್ದು ಸರಿಯಾಗಿಯೇ ಇದೆ ಎಂದು ನನಗೆ ಅನಿಸುತ್ತದೆ. ಆ ಹುಡುಗಿ ಕೇಳಿದ ಪ್ರಶ್ನೆಯೂ ಅದನ್ನೇ ಹೇಳುತ್ತದೆ.

ಒಂದು ವಿನಂತಿ ಇದೆ. ಕರಾವಳಿಯ ಚಿತ್ರವೆಂದರೆ ಸೂರ್ಯಾಸ್ತ, ತೆಂಗಿನಮರ, ಖಾಲಿ ದಂಡೆ ಎಂದಾಗಿಬಿಟ್ಟಿದೆ. ಖಾಲಿ ದಂಡೆಯನ್ನು ನೋಡಿದವರಿಗೆ ಅದು ಯಾರಿಗೂ ಬೇಡದ ಜಾಗವೆಂದು ತೋರುತ್ತದೆ, ಮತ್ತು ಹಾಗೆ ತೋರಿದ ಜಾಗಕ್ಕೆ ಬಂದರೋ ರೆಸಾರ್ಟೋ ಬರುವುದು ಸುಲಭ. ಇದೇ ಅಳಿವೆಯ ದಡದ ನಮ್ಮ ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಊರವರು ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದು, ಇದು ಖಾಲಿ ಜಾಗವಲ್ಲ, ದಿನಕ್ಕೆ ಎರಡು ಸಲ ನೀರು ಇಳಿದಾಗ ನಾವು ದುಡಿಯುವ ಹೊಲ ಎಂದು. ಆದ್ದರಿಂದ ಚಿತ್ರದಲ್ಲಿ ದುಡಿಯುವವರಿರಲಿ. ಅವರನ್ನು ಕೇಳಿಯೇ ಚಿತ್ರ ತೆಗೆಯಲಿ, ಚಿತ್ರದ ಒಂದು ಪ್ರತಿ ಅವರ ಮನೆಗೂ ಹೋಗಲಿ. ನನ್ನ ತಾಯಿಯ ಕೈಗಳ ಒಂದೇ ಒಂದು ಚಿತ್ರವೂ ನಮ್ಮ ಮನೆಯಲ್ಲಿ ಇಲ್ಲ.

ಉತ್ತರ 2: ಬೆಳಕಿನಬಿಂದು (ತುಮಕೂರು)

ನಾನು ಹವ್ಯಾಸಿ ವನ್ಯಜೀವಿ ಛಾಯಾಗ್ರಾಹಕ. ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶದ ಸುತ್ತ ಹೆಚ್ಚು ತಿರುಗಿದವನು. ನೀರಿನೊಳಗೆ ಇಳಿದ ಅನುಭವ ನೇತ್ರಾಣಿಯಲ್ಲಿ ಮೂರು ಸಲ ಮಾತ್ರ. ಆದರೂ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರಿಸಬಲ್ಲೆ.

ಥಾಮಸ್ ಪೆಶ್ಚಾಕ್ ದಕ್ಷಿಣ ಆಫ್ರಿಕಾದಲ್ಲಿ ಕಡಲ ಜೀವವಿಜ್ಞಾನಿಯಾಗಿದ್ದವರು. ಅಂಕಿ ಅಂಶಗಳಿಗಿಂತ ತನ್ನ ಚಿತ್ರಗಳು ಸಂರಕ್ಷಣೆಗೆ ಹೆಚ್ಚು ನೆರವಾಗಬಲ್ಲವು ಎಂದು ಮನಗಂಡು 2004ರಲ್ಲಿ ಸಂಶೋಧನೆಯನ್ನು ಬಿಟ್ಟು ಛಾಯಾಗ್ರಹಣಕ್ಕೆ ಬಂದರು. ಮಾಲ್ಡೀವ್ಸ್‌ನ ಹನಿಫಾರು ಎಂಬ ಸಣ್ಣ ಕೊಲ್ಲಿಯಲ್ಲಿ ಪ್ಲವಕಗಳನ್ನು ತಿನ್ನಲು ಗುಂಪುಗುಂಪಾಗಿ ಸೇರುವ ಮಾಂಟಾ ತೊರಕೆ ಮೀನುಗಳ ಅವರ ಚಿತ್ರಗಳು 2009ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದವು. ಆ ಕೊಲ್ಲಿ ಅದೇ ವರ್ಷ ಸಂರಕ್ಷಿತ ಪ್ರದೇಶವಾಯಿತು, 2011ರಲ್ಲಿ ಅದಿರುವ ಬಾ ಅಟಾಲ್ ಎಂಬ ಹವಳದ ದ್ವೀಪವಲಯ ಯುನೆಸ್ಕೋದ ಜೀವಗೋಳ ಮೀಸಲು ಎನಿಸಿತು. ಇದೆಲ್ಲವೂ ಚಿತ್ರಗಳಿಂದಲೇ ಆಯಿತೆಂದು ನಾನು ಹೇಳಲಾರೆ. ಅಲ್ಲಿ ವರ್ಷಗಟ್ಟಲೆ ತೊರಕೆಗಳನ್ನು ಎಣಿಸಿದ ಸಂಶೋಧಕರಿದ್ದರು, ಸ್ಥಳೀಯರ ಒತ್ತಾಯವಿತ್ತು. ಆದರೆ ಎಣಿಕೆಯೂ ಚಿತ್ರವೂ ಒಂದೇ ಕಾಲಕ್ಕೆ ಒಂದೇ ಜಾಗದ ಪರವಾಗಿ ನಿಂತಾಗ ಏನಾಗಬಹುದೆಂಬುದಕ್ಕೆ ಅದು ನಿದರ್ಶನ.

ಮೆಕ್ಸಿಕೋದ ಕ್ರಿಸ್ಟಿನಾ ಮಿಟರ್‌ಮೈಯರ್ ಕೂಡ ಕಡಲ ವಿಜ್ಞಾನದಿಂದ ಬಂದವರೇ. 2005ರಲ್ಲಿ ಸಂರಕ್ಷಣಾ ಛಾಯಾಗ್ರಾಹಕರ ಅಂತರರಾಷ್ಟ್ರೀಯ ಒಕ್ಕೂಟವನ್ನು ಕಟ್ಟಿದರು, 2014ರಲ್ಲಿ ಪಾಲ್ ನಿಕ್ಲೆನ್ ಅವರೊಡನೆ ಸೀಲೆಗಸಿ ಸಂಸ್ಥೆಯನ್ನು ಆರಂಭಿಸಿದರು. ನಿಕ್ಲೆನ್ ಸಹ ಜೀವವಿಜ್ಞಾನಿಯಾಗಿ ಕೆಲಸ ಮಾಡಿದವರು. ಇವರಿಬ್ಬರ ಕಥೆಯಲ್ಲಿ ನಿಮ್ಮ ತಂಗಿಯವರಿಗೆ ತೀರ ಮುಖ್ಯವಾದ ಪಾಠವೊಂದಿದೆ. 2017ರಲ್ಲಿ ಅವರ ತಂಡ ಕೆನಡಾದ ಆರ್ಕ್ಟಿಕ್‌ನಲ್ಲಿ ಹಸಿವಿನಿಂದ ಸಾಯುತ್ತಿದ್ದ ಹಿಮಕರಡಿಯ ದೃಶ್ಯವನ್ನು ಸೆರೆಹಿಡಿಯಿತು. ಹವಾಮಾನ ಬದಲಾವಣೆ ಎಂದರೆ ಇದೇ ಎಂಬ ಅರ್ಥದ ಸಾಲಿನೊಂದಿಗೆ ಅದು ಜಗತ್ತಿನಾದ್ಯಂತ ಹರಡಿತು. ಆ ಒಂದು ಕರಡಿ ಹಸಿದದ್ದು ಅದೇ ಕಾರಣಕ್ಕೆಂದು ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಮರುವರ್ಷ ಅದನ್ನು ಪ್ರಕಟಿಸಿದ್ದ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯೇ ಆ ಸಾಲು ಮಿತಿ ಮೀರಿತ್ತೆಂದು ಒಪ್ಪಿಕೊಂಡಿತು, ಮಿಟರ್‌ಮೈಯರ್ ಅವರೂ ಅದರ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದರು. ಆದರೆ ಅಷ್ಟರಲ್ಲಿ ಹವಾಮಾನ ಬದಲಾವಣೆಯನ್ನೇ ನಂಬದವರ ಕೈಗೆ ಆ ಸಾಲು ಕೋಲಾಗಿ ಸಿಕ್ಕಿತ್ತು. ಚಿತ್ರ ಸುಳ್ಳಾಗಿರಲಿಲ್ಲ, ಅಡಿಬರಹ ಚಿತ್ರಕ್ಕಿಂತ ಮುಂದೆ ಓಡಿತ್ತು.

ನಮ್ಮ ಕರಾವಳಿಯಲ್ಲೇ ಇದಕ್ಕೆ ಸಮನಾದ ಅಪಾಯವಿದೆ. ಜುಲೈ ತಿಂಗಳಿನಲ್ಲಿ ತೆಗೆದ ಕಡಲ್ಕೊರೆತದ ಚಿತ್ರ ಎದೆ ನಡುಗಿಸುತ್ತದೆ: ಬೇರು ಹೊರಬಿದ್ದ ತೆಂಗು, ಅರ್ಧ ಮುರಿದ ರಸ್ತೆ. ಆದರೆ ಮಳೆಗಾಲದ ಅಲೆಗಳು ದಂಡೆಯ ಮರಳನ್ನು ಎಳೆದೊಯ್ಯುವುದು ಮತ್ತು ಚಳಿಗಾಲದ ಶಾಂತ ಅಲೆಗಳು ಬಹುಪಾಲನ್ನು ಮರಳಿ ತಂದು ಹಾಕುವುದು ಪ್ರತಿವರ್ಷದ ಸಹಜ ಕ್ರಿಯೆ. ಮರಳಿ ಬಾರದೆ ಹೋದಾಗಲೇ ಅದು ನಿಜವಾದ ನಷ್ಟ. ಆ ವ್ಯತ್ಯಾಸವನ್ನು ತಿಳಿಯಲು ಒಂದೇ ಜಾಗದಲ್ಲಿ ನಿಂತು, ಒಂದೇ ಕೋನದಿಂದ, ಜುಲೈನಲ್ಲೂ ಫೆಬ್ರವರಿಯಲ್ಲೂ, ವರ್ಷದ ಮೇಲೆ ವರ್ಷ ಚಿತ್ರ ತೆಗೆಯಬೇಕು. ನನ್ನಂತಹ ಹವ್ಯಾಸಿಗೆ ಅಷ್ಟು ತಾಳ್ಮೆಯೂ ಇಲ್ಲ, ಉಬ್ಬರ ಇಳಿತಗಳ ಲೆಕ್ಕವೂ ಗೊತ್ತಿಲ್ಲ. ವಿಜ್ಞಾನಿಗೆ ಎರಡೂ ಇವೆ. ಆದ್ದರಿಂದ ತಾಯಿಯವರಿಗೆ ದಯವಿಟ್ಟು ಹೇಳಿ: ಅವರ ಮಗಳು ಓದಿದ್ದು ವ್ಯರ್ಥವಾಗಿಲ್ಲ, ಅದು ಅಡಿಬರಹದಲ್ಲಿ ಕೆಲಸ ಮಾಡುತ್ತದೆ.

ಪ್ರದರ್ಶನದ ಬಗ್ಗೆ ಎರಡು ಸಣ್ಣ ಸಲಹೆಗಳು. ನೀರಿನೊಳಗೆ ಮೊದಲ ಐದಾರು ಮೀಟರಿನಲ್ಲೇ ಕೆಂಪು ಬಣ್ಣದ ಬಹುಪಾಲು ಹೀರಿಹೋಗುತ್ತದೆ, ಆಳಕ್ಕೆ ಹೋದಂತೆ ಎಲ್ಲವೂ ನೀಲಿ ಬೂದಿಯಾಗಿ ಕಾಣುತ್ತದೆ. ಫ್ಲ್ಯಾಶ್ ಬೆಳಕಿನಲ್ಲಿ ತೆಗೆದ ಹವಳದ ಚಿತ್ರದ ಪಕ್ಕದಲ್ಲಿ ಅದೇ ಹವಳವನ್ನು ಸಹಜ ಬೆಳಕಿನಲ್ಲಿ ತೆಗೆದ ಚಿತ್ರವನ್ನೂ ಇಟ್ಟರೆ ಮಕ್ಕಳಿಗೆ ಬೆಳಕಿನ ಪಾಠವೇ ಆಗುತ್ತದೆ. ಎರಡನೆಯದು, ಕಡಲಾಮೆಯ ಮರಿಗಳ ಚಿತ್ರವಿದ್ದರೆ ಫ್ಲ್ಯಾಶ್ ಬಳಸಿಲ್ಲವೆಂದು ಅಡಿಯಲ್ಲಿ ಬರೆಯಿರಿ, ಗೂಡು ಇರುವ ಜಾಗದ ಗುರುತು ಕೊಡಬೇಡಿ. ಮರಿಗಳು ಹೊಳೆಯುವ ದಿಗಂತವನ್ನು ಹಿಡಿದು ಕಡಲಿಗೆ ಹೋಗುತ್ತವೆ, ಬೇರೆ ಬೆಳಕು ಕಂಡರೆ ದಾರಿ ತಪ್ಪುತ್ತವೆ. ಆಮೆಯ ಚಿತ್ರ ನೋಡಿದ ಮಗು ಮುಂದೊಂದು ದಿನ ಮೊಬೈಲ್ ದೀಪ ಹಚ್ಚಿಕೊಂಡು ದಂಡೆಗೆ ಓಡಬಾರದು.

ಉತ್ತರ 3: ಕೆರೆಯಂಗಳ (ಮುಳಬಾಗಿಲು)

ಮಾಸ್ತರೇ, ನಾನು ಮುಳಬಾಗಿಲು ತಾಲ್ಲೂಕಿನ ರೈತ. ಬಯಲುಸೀಮೆಯಲ್ಲಿ ಇದಕ್ಕೆ ಅರ್ಥವಿದೆಯೇ ಎಂಬ ಪ್ರಶ್ನೆಗೆ ನಮ್ಮ ಕಡೆಯ ಮಾತನ್ನೂ ಹೇಳಬೇಕೆನಿಸಿತು.

ನಮ್ಮಲ್ಲಿ ಸಾವಿರ ಅಡಿ ಕೊರೆದರೂ ನೀರು ಬಾರದ ಕೊಳವೆಬಾವಿಗಳಿವೆ, ನೀರು ಬಂದರೆ ಅದರಲ್ಲಿ ಫ್ಲೋರೈಡ್ ಇರುತ್ತದೆ. ಎತ್ತಿನಹೊಳೆ ಯೋಜನೆಯ ಮಾತು ಬಂದಾಗಿನಿಂದ ನಾವು ಕೇಳುತ್ತ ಬಂದ ಮಾತು, ಕಡಲಿಗೆ ಹರಿದು ವ್ಯರ್ಥವಾಗುವ 24.01 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆಗೆ ತರುತ್ತಾರೆ ಎಂಬುದು. ಕರಾವಳಿಯವರು ಆ ನೀರು ವ್ಯರ್ಥವಲ್ಲ ಎನ್ನುತ್ತಾರೆ. ಆ ಮಾತು ಏಕೆ ನಿಜವೆಂದು ನಮಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ನಿಮ್ಮ ತಂಗಿಯವರು ಹೇಳಲಿ. ಆದರೆ ಬಾಯಾರಿದವನನ್ನು ತಪ್ಪಿತಸ್ಥನನ್ನಾಗಿ ನಿಲ್ಲಿಸದೆ ಹೇಳಲಿ.

ಇನ್ನೊಂದು ಮಾತು. ಕಡಲೆಂದರೆ ಎಲ್ಲರೂ ಪಶ್ಚಿಮಕ್ಕೆ ಕೈ ತೋರಿಸುತ್ತೀರಿ. ನಮ್ಮ ನೀರು ಹೋಗುವುದು ಪೂರ್ವಕ್ಕೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು, ಆಂಧ್ರವನ್ನು ದಾಟಿ ನೆಲ್ಲೂರಿನ ಬಳಿ ಕಡಲು ಸೇರುತ್ತದೆ. ಅಲ್ಲೇ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸಕೋಟೆ, ಮಾಲೂರುಗಳ ಮೇಲೆ ಹೋಗಿ ತಮಿಳುನಾಡಿನ ಕಡಲೂರಿನಲ್ಲಿ. ನಮ್ಮ ಬೇತಮಂಗಲದ ಪಾಲಾರ್ ಚೆನ್ನೈನ ದಕ್ಷಿಣಕ್ಕೆ. ದೇವರಾಯನದುರ್ಗದ ಜಯಮಂಗಲಿಯೂ ಉತ್ತರ ಪಿನಾಕಿನಿಯನ್ನೇ ಸೇರುತ್ತದೆ. ಈ ನದಿಗಳು ಈಗ ವರ್ಷದ ಬಹುಕಾಲ ಒಣಗಿಯೇ ಇರುತ್ತವೆ. ಹೊಳೆಯಲ್ಲಿ ಮರಳು ಮುಗಿದ ಮೇಲೆ ಕೆರೆ ಗೋಡಿನ ಮಣ್ಣನ್ನು ತೊಳೆದು ಫಿಲ್ಟರ್ ಮರಳು ಮಾಡುವ ದಂಧೆ ನಮ್ಮ ಕಡೆ ಶುರುವಾಯಿತು. ಹೊಳೆಯಲ್ಲಿ ಮರಳು ಕೆಳಗೆ ಹೋಗದಿದ್ದರೆ ಕಡಲ ದಂಡೆಗೆ ಮರಳು ಎಲ್ಲಿಂದ ಬರಬೇಕು? ನಾನು ಓದಿದವನಲ್ಲ, ಆದರೆ ಗದ್ದೆಯ ಮೇಲ್ಬದು ಒಡೆದರೆ ಕೆಳಬದುವಿಗೆ ಏನಾಗುತ್ತದೆಂದು ಬಲ್ಲೆ. ಪ್ರದರ್ಶನದಲ್ಲಿ ಈ ನದಿಗಳ ಒಂದು ನಕ್ಷೆ ಇರಲಿ, ಮರಳು ತೆಗೆದ ಒಂದು ಗುಂಡಿಯ ಚಿತ್ರ ಇರಲಿ. ಗುಂಡಿ ನಾನು ತೋರಿಸುತ್ತೇನೆ.

ಉತ್ತರ 4: ನಂದಿತಪ್ಪಲು (ಚಿಕ್ಕಬಳ್ಳಾಪುರ)

ಇದು ಅಣ್ಣನ ಖಾತೆ, ಬರೆಯುತ್ತಿರುವವಳು ತಂಗಿ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ.

ತುಮಕೂರಿನ ಸರ್ ಹೇಳಿದ್ದಕ್ಕೆ ಒಂದು ಸೇರ್ಪಡೆ. ಚಿತ್ರವೇ ವಿಜ್ಞಾನದ ಮಾಹಿತಿಯಾಗುವುದೂ ಉಂಟು. ಮಾಂಟಾ ತೊರಕೆಯ ಹೊಟ್ಟೆಯ ಮೇಲಿನ ಕಲೆಗಳು, ತಿಮಿಂಗಿಲ ಶಾರ್ಕ್‌ನ ಬೆನ್ನಿನ ಚುಕ್ಕಿಗಳು ಒಂದೊಂದಕ್ಕೆ ಒಂದೊಂದು ಬಗೆ. ಆ ಚುಕ್ಕಿಗಳನ್ನು ಹೋಲಿಸಿ ಇದು ಹಿಂದೆ ಕಂಡ ಶಾರ್ಕೇ ಎಂದು ಗುರುತಿಸಲು, ಖಗೋಳ ವಿಜ್ಞಾನಿಗಳು ಆಕಾಶದ ನಕ್ಷತ್ರಗಳ ಜೋಡಣೆಯನ್ನು ಹೊಂದಿಸಿ ನೋಡುತ್ತಿದ್ದ ಗಣಿತದ ಕ್ರಮವನ್ನೇ 2005ರಲ್ಲಿ ಮಾರ್ಪಡಿಸಿ ಬಳಸಿದರು. ಪ್ರವಾಸಿ ತೆಗೆದ ಚಿತ್ರವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅಮ್ಮನಿಗೆ ಇದನ್ನು ಹೇಳಿದೆ. ಪೂರ್ತಿ ಒಪ್ಪಿಲ್ಲ, ಆದರೆ ಆ ಶಾರ್ಕ್‌ನ ಚಿತ್ರವನ್ನು ಎರಡನೇ ಸಲ ತೋರಿಸು ಎಂದರು.

ಕುಮಟಾದ ಅಕ್ಕ, ಆ ಕೈಗಳ ಒಡತಿಯನ್ನು ಕೇಳಿಯೇ ಚಿತ್ರ ತೆಗೆದೆ, ಆದರೆ ಪ್ರತಿಯನ್ನು ಇನ್ನೂ ತಲುಪಿಸಿಲ್ಲ. ಅದು ನನ್ನ ತಪ್ಪು. ಮುಂದಿನ ಅಮಾವಾಸ್ಯೆಯ ಇಳಿತಕ್ಕೆ ಹೋಗುವಾಗ ತೆಗೆದುಕೊಂಡು ಹೋಗುತ್ತೇನೆ.

ಮುಳಬಾಗಿಲಿನ ಅಣ್ಣನವರಿಗೆ ನೇರವಾಗಿ ಉತ್ತರಿಸಬೇಕು. ನಾನೂ ಈ ನೆಲದವಳೇ. ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತು ಬೆಳೆದವಳು. ಕುಡಿಯುವ ನೀರು ನಮಗೆ ಬೇಡ ಎನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಆದರೆ ಕಡಲಿಗೆ ಹರಿದ ನೀರು ಏನು ಮಾಡುತ್ತದೆ ಎಂಬುದನ್ನು 14 ವರ್ಷ ಸೂಕ್ಷ್ಮದರ್ಶಕದಲ್ಲಿ ನೋಡಿದ್ದೇನೆ. ಮಳೆಗಾಲದ ನದಿ ಘಟ್ಟದ ಕಲ್ಲು ಮಣ್ಣಿನಿಂದ ಕರಗಿದ ಸಿಲಿಕಾವನ್ನು ಹೊತ್ತು ತರುತ್ತದೆ. ಡಯಾಟಮ್ ಎಂಬ ಸಸ್ಯಪ್ಲವಕ ಆ ಸಿಲಿಕಾದಿಂದಲೇ ತನ್ನ ಗಾಜಿನಂತಹ ಕವಚವನ್ನು ಕಟ್ಟಿಕೊಳ್ಳುತ್ತದೆ. ಅದೇ ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರೂ ಮೇಲಕ್ಕೆ ಏರಿ ಬರುತ್ತದೆ. ಎರಡೂ ಸೇರಿದಾಗ ಕಡಲಿನಲ್ಲಿ ಡಯಾಟಮ್‌ಗಳ ಹುಲುಸಾದ ಬೆಳೆ ಏಳುತ್ತದೆ. ಬೂತಾಯಿ ಮೀನು ಅದನ್ನು ಮೇಯುತ್ತದೆ, ಬಳಚು ಅದನ್ನು ಸೋಸಿ ತಿನ್ನುತ್ತದೆ. ಎಷ್ಟು ನೀರನ್ನು ತಿರುಗಿಸಬಹುದು, ಯಾವ ತಿಂಗಳಿನಲ್ಲಿ ತಿರುಗಿಸಬಹುದು ಎಂಬ ಲೆಕ್ಕವನ್ನು ಈ ಬೆಳೆಯನ್ನೂ ಸೇರಿಸಿಯೇ ಮಾಡಬೇಕೆಂಬುದಷ್ಟೇ ನನ್ನ ವಾದ. ಡಯಾಟಮ್‌ಗಳ ಸೂಕ್ಷ್ಮದರ್ಶಕ ಚಿತ್ರಗಳು ನನ್ನ ಬಳಿ ನೂರಾರಿವೆ. ಅವುಗಳಲ್ಲಿ ಒಂದನ್ನು ಆಳೆತ್ತರಕ್ಕೆ ಮುದ್ರಿಸಿ, ಎತ್ತಿನಹೊಳೆಯ ನಕ್ಷೆಯ ಎದುರಿಗೇ ಹಾಕುತ್ತೇನೆ. ಮರಳಿನ ಬಗ್ಗೆ ನೀವು ಹೇಳಿದ್ದು ಪಾಠಪುಸ್ತಕದಷ್ಟು ಸರಿ. ನಿಮ್ಮ ಗುಂಡಿಯಿಂದ ಆರಂಭಿಸಿ ದಕ್ಷಿಣ ಪಿನಾಕಿನಿಯನ್ನು ಹಿಡಿದು ಕಡಲೂರಿನವರೆಗೆ ಹೋಗಿಬರುವ ಯೋಚನೆ ನಿಮ್ಮ ಮಾತಿನಿಂದಲೇ ಹುಟ್ಟಿತು. ಇಷ್ಟು ವರ್ಷ ನಾನೂ ಪಶ್ಚಿಮಕ್ಕೇ ಮುಖ ಮಾಡಿ ನಿಂತಿದ್ದೆ.

ಕೊನೆಗೆ ಆ ಹುಡುಗಿಯ ಪ್ರಶ್ನೆ. ಅಳಿವೆಯ ಬಳಚಿನ ಮರಿಗಳು ಹುಟ್ಟಿದ ಕೆಲವು ವಾರ ಪ್ಲವಕಗಳ ಜೊತೆ ನೀರಿನಲ್ಲಿ ತೇಲಿ, ಆಮೇಲೆ ಕೆಸರಿಗೆ ಇಳಿಯುತ್ತವೆ. ಕೆರೆಯ ಕಪ್ಪೆಚಿಪ್ಪಿನ ದಾರಿ ಬೇರೆ. ಅದರ ಮರಿಗಳು ಮೀನಿನ ಕಿವಿರಿಗೋ ರೆಕ್ಕೆಗೋ ಅಂಟಿಕೊಂಡು ಸ್ವಲ್ಪ ಕಾಲ ಕಳೆದರೆ ಮಾತ್ರ ಬದುಕುತ್ತವೆ. ಕೆರೆ ವರ್ಷಗಟ್ಟಲೆ ಒಣಗಿದರೆ ಮೀನು ಹೋಗುತ್ತದೆ, ಮೀನು ಹೋದರೆ ಚಿಪ್ಪೂ ಹೋಗುತ್ತದೆ. ಮುಂದೆ ನೀರು ಬಂದರೂ ತಕ್ಕ ಮೀನಿನೊಡನೆ ಬೇರೆ ಕೆರೆಯಿಂದ ಮರಿಗಳು ಬಾರದೆ ಅದು ಮರಳುವುದಿಲ್ಲ. ಇದನ್ನು ಹೇಳಲು ನಿನ್ನೆ ಅಣ್ಣನೊಡನೆ ಅವಳ ಮನೆಗೆ ಹೋಗಿದ್ದೆ. ಅಜ್ಜಿ ಅಟ್ಟದ ಮೇಲಿನ ಡಬ್ಬಿಯಿಂದ ಒಂದು ಚಿಪ್ಪನ್ನು ಹುಡುಕಿ ತೆಗೆದರು. ಹೊರಮೈ ಕಂದು, ಒಳಮೈ ಇನ್ನೂ ಮುತ್ತಿನ ಹಾಗೆ ಹೊಳೆಯುತ್ತಿದೆ, ನಡುವೆ ಉಜ್ಜಿ ಮಾಡಿದ ತೂತಿನ ಅಂಚು ಬಳಸಿ ಬಳಸಿ ನುಣುಪಾಗಿದೆ. ಹೊಸ್ತಿಲಿನ ಬೆಳಕಿನಲ್ಲಿ ಅಜ್ಜಿಯ ಅಂಗೈ ಮೇಲೆ ಅದನ್ನು ಇರಿಸಿ ಚಿತ್ರ ತೆಗೆದೆ. ಪ್ರದರ್ಶನದಲ್ಲಿ ಅದು ಬಳಚಿನ ಬೊಗಸೆಯ ಪಕ್ಕದಲ್ಲಿ ಇರುತ್ತದೆ, ಅಡಿಬರಹವನ್ನು ಆ ಹುಡುಗಿಯೇ ಬರೆಯುತ್ತಾಳೆ.